ಮೋಕ್ಷ, ಮುಕ್ತಿ, ರಕ್ಷಣೆ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಾವಿನ ಮನೆಯ ಜಗಲಿಯಲ್ಲಿ, ತಾಳಮದ್ದಲೆ ಮುಗಿದ ಮೇಲಿನ ಹರಟೆಯಲ್ಲಿ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಜನ ಕೇಳುವ ಪ್ರಶ್ನೆಗಳು ಇವು. ಉತ್ತರಿಸುತ್ತಿರುವವನು ಸ್ವಾಮಿಯೂ ಅಲ್ಲ, ಪಾದ್ರಿಯೂ ಅಲ್ಲ, ಮೌಲ್ವಿಯೂ ಅಲ್ಲ. ಇವರೆಲ್ಲರ ಮಾತನ್ನು ಆಸಕ್ತಿಯಿಂದ ಕೇಳಿ, ಅವರ ಗ್ರಂಥಗಳನ್ನು ಓದಿಕೊಂಡವನು. ಅಲ್ಲಲ್ಲಿ ಸ್ವಂತ ಅಭಿಪ್ರಾಯ ನುಸುಳಿದೆ, ಅದನ್ನು ಬೇರ್ಪಡಿಸಿ ಓದಿಕೊಳ್ಳುವುದು ಕಷ್ಟವೇನಲ್ಲ.

ಎಲ್ಲ ನದಿಗಳೂ ಕೊನೆಗೆ ಸೇರುವುದು ಒಂದೇ ಕಡಲನ್ನು. ಧರ್ಮಗಳೂ ಹಾಗೇ ಅಲ್ಲವೇ?

ಈ ಮಾತು ಹೇಳುವ ಮೊದಲು ತೀರ್ಥಹಳ್ಳಿ ತಾಲ್ಲೂಕಿನ ನಕ್ಷೆಯನ್ನೊಮ್ಮೆ ನೋಡಿ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಅದೇ ತಾಲ್ಲೂಕನ್ನು ಹಾದುಹೋಗುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯ ಕಡೆ ನಡೆಯುತ್ತದೆ. ಒಂದೇ ತಾಲ್ಲೂಕಿನ ಮಳೆನೀರೇ ಎರಡು ಕಡಲುಗಳ ಪಾಲಾಗುತ್ತದೆ.

ಧರ್ಮಗಳ ಮಾತೂ ಇದಕ್ಕಿಂತ ಸರಳವಲ್ಲ. ಬಿಡುಗಡೆ ಎಂದ ಕೂಡಲೇ "ಯಾವುದರಿಂದ?" ಎಂದು ಕೇಳಬೇಕು. ಇಡೀ ಚರ್ಚೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ನೀನು ಯಾರೆಂಬುದನ್ನೇ ನೀನು ತಪ್ಪು ತಿಳಿದಿದ್ದೀಯ, ಆ ಅವಿದ್ಯೆಯೇ ಬಂಧನ ಎನ್ನುತ್ತಾರೆ ಶಂಕರರು. ಜೈನರ ಪ್ರಕಾರ ಕರ್ಮ ಎನ್ನುವುದು ಬರೀ ಮಾತಲ್ಲ, ಜೀವಕ್ಕೆ ನಿಜವಾಗಿ ಅಂಟಿಕೊಳ್ಳುವ ಸೂಕ್ಷ್ಮ ದ್ರವ್ಯ, ಅದನ್ನು ಉದುರಿಸಬೇಕು. ತೃಷ್ಣೆಯೇ ದುಃಖದ ಬೇರು, ಬಿಡಿಸಿಕೊಳ್ಳಬೇಕಾದ ಶಾಶ್ವತ ಆತ್ಮ ಎಂಬುದೇ ಇಲ್ಲ ಎಂದ ಬುದ್ಧ. ಕ್ರೈಸ್ತರಿಗೆ ತೊಡಕಿರುವುದು ಪಾಪದಲ್ಲಿ, ಅದರಿಂದ ದೇವರೊಡನೆ ಕಡಿದುಹೋದ ಸಂಬಂಧದಲ್ಲಿ. ಮುಸ್ಲಿಮರಿಗೆ ಮನುಷ್ಯ ಹುಟ್ಟಾ ಪಾಪಿಯಲ್ಲ, ಮರೆಯುವವನು. ಮರೆತವನಿಗೆ ನೆನಪಿಸಲೆಂದೇ ಪ್ರವಾದಿಗಳು ಬಂದರು. ತೊಂದರೆ ಏನೆಂಬುದರಲ್ಲೇ ಇಷ್ಟು ಭಿನ್ನಾಭಿಪ್ರಾಯವಿರುವಾಗ ಪರಿಹಾರ ಮಾತ್ರ ಒಂದೇ ಎನ್ನುವುದು ಸೌಜನ್ಯದ ಮಾತಾಗಬಹುದು, ಸರಿಯಾದ ಮಾತಲ್ಲ.

ಶೃಂಗೇರಿಯವರದೂ ವೇದಾಂತ, ಉಡುಪಿಯವರದೂ ವೇದಾಂತ. ಮೋಕ್ಷದ ವಿಷಯದಲ್ಲಿ ಅಂಥ ವ್ಯತ್ಯಾಸವೇನಿದೆ?

ಬಹಳ ಇದೆ. ಕೂಡಲಿಗೆ ಹೋದರೆ ಸಂಗಮದ ದಂಡೆಯಲ್ಲಿ ಶೃಂಗೇರಿ ಪರಂಪರೆಯ ಅದ್ವೈತ ಮಠವೂ ಇದೆ, ಅಕ್ಷೋಭ್ಯ ತೀರ್ಥರ ಪರಂಪರೆಯ ಮಾಧ್ವ ಮಠವೂ ಇದೆ. ಮೀಯುವ ನೀರು ಒಂದೇ. ಆದರೆ ಒಂದು ಮಠದಲ್ಲಿ ಮೋಕ್ಷ ಎಂದು ಹೇಳುವುದನ್ನು ಇನ್ನೊಂದು ಮಠದಲ್ಲಿ ಮೋಕ್ಷವೆಂದು ಒಪ್ಪುವುದಿಲ್ಲ.

ಅದ್ವೈತದಲ್ಲಿ ಮೋಕ್ಷ ಹೊಸದಾಗಿ ಗಳಿಸುವ ವಸ್ತುವಲ್ಲ. ಜೀವ ಎಂದೂ ಬ್ರಹ್ಮವೇ ಆಗಿತ್ತು. ಅಜ್ಞಾನ ತೊಲಗಿದರೆ ಇದ್ದದ್ದು ತಿಳಿಯುತ್ತದೆ. ಅಲ್ಲಿ ನೀವು, ನಾನು, ದೇವರು ಎಂಬ ಮೂರು ಲೆಕ್ಕ ಉಳಿಯುವುದಿಲ್ಲ.

ಮಧ್ವರಿಗೆ ಈ ಮಾತು ಕೇಳಿದರೇ ಆಗದು. ಜೀವ ಎಂದೆಂದಿಗೂ ಜೀವ, ಹರಿ ಎಂದೆಂದಿಗೂ ಹರಿ. ಮೋಕ್ಷದಲ್ಲೂ ಭೇದ ಉಳಿಯುತ್ತದೆ, ಮುಕ್ತರ ಆನಂದದಲ್ಲೂ ತಾರತಮ್ಯ ಇರುತ್ತದೆ. ಪ್ರತಿಯೊಬ್ಬನೂ ಅವನವನ ಯೋಗ್ಯತೆಗೆ ತಕ್ಕಷ್ಟು ಪೂರ್ಣ ತೃಪ್ತ, ಆದ್ದರಿಂದ ಹೊಟ್ಟೆಕಿಚ್ಚಿಗೆ ಜಾಗವಿಲ್ಲ. ಜ್ಞಾನ ಬೇಕು, ಭಕ್ತಿ ಬೇಕು, ಆದರೆ ಬಾಗಿಲು ತೆರೆಯುವುದು ಹರಿಯ ಪ್ರಸಾದದಿಂದ. ಇನ್ನೂ ಮುಂದೆ ಹೋಗಿ ಮಧ್ವರು ಜೀವರಲ್ಲೇ ಮೂರು ಬಗೆ ಎಂದರು: ಮುಕ್ತಿಗೆ ಯೋಗ್ಯರು, ಸದಾ ಸಂಸಾರದಲ್ಲೇ ಸುತ್ತುವವರು, ಅಂಧತಮಸ್ಸಿಗೆ, ಅಂದರೆ ಕೊನೆಯಿಲ್ಲದ ಕತ್ತಲಿಗೆ, ಹೋಗುವವರು. ಎಲ್ಲರಿಗೂ ಒಂದಲ್ಲ ಒಂದು ದಿನ ಬಿಡುಗಡೆ ಎಂಬ ನಂಬಿಕೆಯೇ ಹೆಚ್ಚಾಗಿರುವ ಭಾರತೀಯ ದರ್ಶನಗಳ ನಡುವೆ ಇದು ತೀರ ಬೇರೆಯಾದ ಮಾತು. ನನಗೆ ಒಪ್ಪಿಗೆಯಾಗದ ಮಾತು ಕೂಡ, ಆದರೆ ಲೋಕದಲ್ಲಿ ಕಾಣುವ ಕ್ರೌರ್ಯಕ್ಕೆ ಕಣ್ಣುಮುಚ್ಚದೆ ಹೇಳಿದ ಮಾತೆಂದು ಗೌರವವಿದೆ.

ರಾಮಾನುಜರ ದಾರಿ ಇವೆರಡರ ನಡುವೆ: ಶರಣಾಗತಿ, ನಾರಾಯಣನ ಸೇವೆ, ವೈಕುಂಠ. ಅವರ ಅನುಯಾಯಿಗಳಲ್ಲೇ ಒಂದು ಸೊಗಸಾದ ಜಗಳವಿದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಭಕ್ತ ಇವರಲ್ಲಿ ಯಾರ ಹಾಗೆ? ವಡಗಲೈಯವರು ಮಂಗನ ಮರಿಯ ಪಕ್ಷ, ತೆಂಗಲೈಯವರು ಬೆಕ್ಕಿನ ಮರಿಯ ಪಕ್ಷ.

ಬದುಕಿರುವಾಗಲೇ ಮುಕ್ತರಾಗಬಹುದೇ?

ಶೃಂಗೇರಿಯ ಉತ್ತರ: ಆಗಬಹುದು. ಜ್ಞಾನ ಬಂದ ಮೇಲೂ ದೇಹ ಏಕೆ ಉಳಿಯುತ್ತದೆ ಎಂಬುದಕ್ಕೆ ಶಂಕರರು ಬಿಟ್ಟ ಬಾಣದ ದೃಷ್ಟಾಂತ ಕೊಡುತ್ತಾರೆ: ಬಿಲ್ಲಿನಿಂದ ಹೊರಟದ್ದು ವೇಗ ತೀರುವವರೆಗೂ ಹೋಗಲೇಬೇಕು. ಪ್ರಾರಬ್ಧ, ಅಂದರೆ ಆಗಲೇ ಫಲ ಕೊಡಲು ತೊಡಗಿದ ಕರ್ಮ, ಅಂಥದ್ದು. ಶೃಂಗೇರಿ ಪೀಠದಲ್ಲೇ ಇದ್ದ ವಿದ್ಯಾರಣ್ಯರು 14ನೇ ಶತಮಾನದಲ್ಲಿ ಜೀವನ್ಮುಕ್ತಿಯ ಬಗ್ಗೆಯೇ ಒಂದು ಗ್ರಂಥ ಬರೆದರು. ಬರೀ ತತ್ತ್ವಜ್ಞಾನ ಸಾಲದು, ವಾಸನೆಗಳು, ಅಂದರೆ ಮನಸ್ಸಿಗೆ ಅಂಟಿದ ಹಳೆಯ ಸಂಸ್ಕಾರಗಳು, ಕ್ಷಯಿಸಬೇಕು, ಮನಸ್ಸಿನ ಹಾರಾಟ ನಿಲ್ಲಬೇಕು ಎಂದು ಅವರು ಒತ್ತಿ ಹೇಳುತ್ತಾರೆ. ವೇದಾಂತ ಬಾಯಿಪಾಠ ಮಾಡಿಯೂ ಸಿಡುಕುವ ಪಂಡಿತರನ್ನು ಅವರೂ ಕಂಡಿದ್ದಿರಬೇಕು.

ರಾಮಾನುಜರು ದೇಹ ಇರುವತನಕ ಮುಕ್ತಿಯಿಲ್ಲ ಎನ್ನುತ್ತಾರೆ. ಬುದ್ಧನಿಗೆ ನಿರ್ವಾಣ ದೊರೆತದ್ದು 35ರ ವಯಸ್ಸಿನಲ್ಲಿ, ಪರಿನಿರ್ವಾಣ 80ರಲ್ಲಿ ಎಂದು ಬೌದ್ಧ ಸಂಪ್ರದಾಯ. ನಡುವಿನ 45 ವರ್ಷ ಅವನು ಊರೂರು ನಡೆದ. ಶರಣರಿಗಂತೂ ಸತ್ತ ಮೇಲಿನ ಸ್ವರ್ಗದ ಗೊಡವೆಯೇ ಬೇಡ, ಆಚಾರವೇ ಸ್ವರ್ಗ ಎಂದವರು ಅವರು.

ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಎಲ್ಲರೂ ಲಿಂಗೈಕ್ಯ, ಎಲ್ಲರೂ ವೈಕುಂಠವಾಸಿ. ಹಾಗಾದರೆ ಸತ್ತವರಿಗೆಲ್ಲ ಮೋಕ್ಷ ಖಾತ್ರಿಯೇ?

ಜಾಹೀರಾತು ಮನೆಯವರ ಹಾರೈಕೆ, ಸಿದ್ಧಾಂತ ಅಷ್ಟು ಉದಾರವಾಗಿಲ್ಲ. ವೀರಶೈವ-ಲಿಂಗಾಯತ ಪರಂಪರೆಯಲ್ಲಿ ಐಕ್ಯ ಎನ್ನುವುದು ಆರು ಸ್ಥಲಗಳಲ್ಲಿ ಕೊನೆಯದು. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಮೆಟ್ಟಿಲುಗಳನ್ನು ಹತ್ತಿದ ಮೇಲೆ ಬರುವ ನೆಲೆ ಅದು, ಉಸಿರು ನಿಂತದ್ದಕ್ಕೆ ತಾನಾಗಿ ಸಿಗುವ ಬಿರುದಲ್ಲ. ವೈಷ್ಣವರ ಮನೆಯ ವೈಕುಂಠ ಸಮಾರಾಧನೆಯೂ ಹೀಗೆಯೇ: ಹೋದವರಿಗೆ ವೈಕುಂಠ ಸಿಗಲಿ ಎಂಬ ಪ್ರಾರ್ಥನೆ, ಸಿಕ್ಕಿತೆಂಬ ರಸೀತಿಯಲ್ಲ.

ಹಾಗೆಂದು ದುಃಖದಲ್ಲಿರುವವರ ಮನೆಗೆ ಹೋಗಿ ಇದನ್ನು ವಿವರಿಸಬೇಡಿ.

ಪುಣ್ಯ ಸಾಕಷ್ಟು ಕೂಡಿಸಿಟ್ಟರೆ ಮೋಕ್ಷ ಬರುವುದಿಲ್ಲವೇ?

ಪುಣ್ಯದಿಂದ ಸ್ವರ್ಗ ಬರುತ್ತದೆ, ಮೋಕ್ಷ ಬರುವುದಿಲ್ಲ. ಪುಣ್ಯ ತೀರಿದೊಡನೆ ಮತ್ತೆ ಮರ್ತ್ಯಲೋಕಕ್ಕೆ ಇಳಿಯಬೇಕು ಎಂದು ಗೀತೆಯೇ ಹೇಳುತ್ತದೆ. ಇದನ್ನು ಇನ್ನೂ ಕಟುವಾಗಿ ಹೇಳಿದವರು ಜೈನಾಚಾರ್ಯ ಕುಂದಕುಂದರು. ಕಬ್ಬಿಣದ ಸಂಕೋಲೆಯೂ ಕಟ್ಟುತ್ತದೆ, ಚಿನ್ನದ ಸಂಕೋಲೆಯೂ ಕಟ್ಟುತ್ತದೆ. ಪಾಪದಂತೆ ಪುಣ್ಯವೂ ಬಂಧನವೇ ಎಂಬುದು ಅವರ ಮಾತು. ಆಗುಂಬೆಯ ಹತ್ತಿರದ ಕುಂದಾದ್ರಿಯಲ್ಲಿ ಅವರು ತಪಸ್ಸು ಮಾಡಿದರೆಂಬ ನಂಬಿಕೆಯಿದೆ, ಬೆಟ್ಟದ ತುದಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. ದಾನದ ಕಲ್ಲಿನ ಮೇಲೆ ತಮ್ಮ ಹೆಸರು ಎಷ್ಟು ದೊಡ್ಡದಾಗಿರಬೇಕೆಂದು ಚಿಂತಿಸುವವರು ಒಮ್ಮೆ ಅಲ್ಲಿಗೆ ಹತ್ತಿಬರಬಹುದು.

ಮುಕ್ತಿ ಪಡೆದವರು ತೀರ್ಥಂಕರರು. ಹೊಂಬುಜದಲ್ಲಿ ಜನ ಹರಕೆ ಹೊರುವುದು ಮಾತ್ರ ಪದ್ಮಾವತಿ ಅಮ್ಮನವರಿಗೆ. ಇದೇಕೆ?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ, ಏಕೆಂದರೆ ಉತ್ತರದಲ್ಲಿ ಜೈನರ ಮೋಕ್ಷದ ಇಡೀ ಕಲ್ಪನೆ ಇದೆ.

ತೀರ್ಥಂಕರ ಕರ್ಮವನ್ನೆಲ್ಲ ಕಳೆದುಕೊಂಡು ಲೋಕದ ತುದಿಯ ಸಿದ್ಧಶಿಲೆ ಸೇರಿದವನು. ಅವನಿಗೆ ಅನಂತ ಜ್ಞಾನವಿದೆ, ಅನಂತ ಸುಖವಿದೆ, ರಾಗದ್ವೇಷ ಇಲ್ಲ. ರಾಗ ಇಲ್ಲದವನು ನಿಮ್ಮ ಮಗಳ ಮದುವೆಗೆ ಮನಸ್ಸು ಮಾಡುವುದು ಹೇಗೆ? ಅವನು ಒಲಿಯುವುದೂ ಇಲ್ಲ, ಮುನಿಯುವುದೂ ಇಲ್ಲ. ಅವನನ್ನು ಪೂಜಿಸುವುದು ಅವನಂತಾಗಲು, ಅವನಿಂದ ಏನನ್ನಾದರೂ ಪಡೆಯಲು ಅಲ್ಲ. ಜೈನ ಮಾರ್ಗದಲ್ಲಿ ರಕ್ಷಕ ಎಂಬ ಹುದ್ದೆಯೇ ಇಲ್ಲ. ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ್ಯಗಳನ್ನು ಹಿಡಿದು ಪ್ರತಿ ಜೀವವೂ ತನ್ನ ಕೈಯಾರೆ ದುಡಿಯಬೇಕು.

ಪದ್ಮಾವತಿ ಪಾರ್ಶ್ವನಾಥನ ಯಕ್ಷಿ. ಆಕೆ ಇನ್ನೂ ಸಂಸಾರದೊಳಗೇ ಇರುವ ದೇವತೆ, ನಮ್ಮ ಹಾಗೆಯೇ ಮುಂದೊಂದು ದಿನ ಮುಕ್ತಿ ಪಡೆಯಬೇಕಾದವಳು. ಸಂಸಾರದೊಳಗಿರುವುದರಿಂದಲೇ ಸಂಸಾರದ ಕಷ್ಟ ಆಕೆಗೆ ಅರ್ಥವಾಗುತ್ತದೆ, ಆಕೆ ನೆರವಿಗೆ ಬರಬಲ್ಲಳು. ಹೊಸನಗರ ತಾಲ್ಲೂಕಿನ ಈ ಊರಿನ ಸಾಂತರ ಅರಸರ ವಂಶಕ್ಕೆ ರಾಜ್ಯ ಒದಗಿಸಿಕೊಟ್ಟದ್ದು ಪದ್ಮಾವತಿಯೇ ಎಂಬ ಐತಿಹ್ಯವೂ ಅದನ್ನೇ ಹೇಳುತ್ತದೆ. ರಾಜ್ಯ ಬೇಕಾದರೆ ಅಮ್ಮ, ಮುಕ್ತಿ ಬೇಕಾದರೆ ನೀನೇ.

ಇನ್ನೊಂದು ವಿಷಯ: ಈಗಿನ ಪಂಚಮ ಕಾಲದಲ್ಲಿ ನಮ್ಮ ಭರತಕ್ಷೇತ್ರದಿಂದ ನೇರವಾಗಿ ಮೋಕ್ಷ ಸಾಧ್ಯವೇ ಇಲ್ಲ ಎಂದು ಜೈನರು ನಂಬುತ್ತಾರೆ. ಮಹಾವೀರರ ನಂತರದ ಜಂಬೂಸ್ವಾಮಿಯೇ ಕೊನೆಯವರು. ಆದರೂ ಮುನಿಗಳು ತಲೆಗೂದಲನ್ನು ಕೈಯಿಂದಲೇ ಕಿತ್ತು ಕೇಶಲೋಚ ಮಾಡಿಕೊಳ್ಳುತ್ತಾರೆ, ಬರಿಗಾಲಿನಲ್ಲಿ ವಿಹಾರ ಮಾಡುತ್ತಾರೆ. ಈ ಜನ್ಮದಲ್ಲಿ ಫಲವಿಲ್ಲವೆಂದು ತಿಳಿದೂ ಮಾಡುವ ಈ ದುಡಿಮೆ ನನ್ನನ್ನು ಬೆರಗಾಗಿಸುತ್ತದೆ.

ಜೈನರು ಆಹಾರ ಬಿಟ್ಟು ದೇಹ ತೊರೆಯುವ ಸಲ್ಲೇಖನ ಆತ್ಮಹತ್ಯೆಯಲ್ಲವೇ?

ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಹಾಗೆಂದೇ ತೀರ್ಪು ಕೊಟ್ಟಿತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆವೇಶದಲ್ಲಿ ಸಾಯುವುದು ಬೇರೆ, ಮುಪ್ಪು ಅಥವಾ ಗುಣವಾಗದ ಕಾಯಿಲೆಯಲ್ಲಿ ಗುರುವಿನ ಅನುಮತಿ ಪಡೆದು ಆಹಾರವನ್ನು ಕ್ರಮವಾಗಿ ಬಿಡುವುದು ಬೇರೆ ಎಂಬುದು ಜೈನರ ವಾದ. ಸಾಯಬೇಕೆಂಬ ಬಯಕೆಯನ್ನೇ ಅವರ ಶಾಸ್ತ್ರ ದೋಷವೆಂದು ಎಣಿಸುತ್ತದೆ. ಮಲೆನಾಡಿನ ಹಳೆಯ ಬಸದಿಗಳ ಸುತ್ತ ಕಾಣುವ ನಿಷಿಧಿ ಕಲ್ಲುಗಳು ಹೀಗೆ ದೇಹ ಬಿಟ್ಟವರ ಗುರುತು.

ಹೆಂಗಸರಿಗೆ ಮೋಕ್ಷವಿದೆಯೇ?

ಈ ಪ್ರಶ್ನೆ ಕೇಳಬೇಕಾಗಿ ಬಂದದ್ದೇ ನಾಚಿಕೆಯ ವಿಷಯ, ಆದರೆ ಪರಂಪರೆಗಳು ಇದನ್ನು ಶತಮಾನಗಳ ಕಾಲ ಚರ್ಚಿಸಿವೆ. ಬಟ್ಟೆಯನ್ನೂ ತೊರೆದ ಮುನಿಗೆ ಮಾತ್ರ ಮುಕ್ತಿ, ಹೆಣ್ಣು ಹಾಗೆ ತೊರೆಯಲಾರಳು, ಆದ್ದರಿಂದ ಪುರುಷಜನ್ಮ ಬರಬೇಕು ಎಂದು ದಿಗಂಬರರು. ಶ್ವೇತಾಂಬರರು ಇದನ್ನು ಒಪ್ಪದೆ, 19ನೇ ತೀರ್ಥಂಕರ ಮಲ್ಲಿಯೇ ಹೆಣ್ಣು ಎನ್ನುತ್ತಾರೆ. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಬಲವಾಗಿದ್ದ ಯಾಪನೀಯರು ಮೂರನೆಯ ದಾರಿ ಹಿಡಿದರು: ಅವರ ಮುನಿಗಳು ದಿಗಂಬರರಂತೆ ನಗ್ನರು, ಆದರೆ ಸ್ತ್ರೀಗೆ ಇದೇ ಜನ್ಮದಲ್ಲಿ ಮುಕ್ತಿ ಉಂಟೆಂಬ ಪಕ್ಷ. ಆ ಪಂಥದ ಶಾಕಟಾಯನ 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಇದನ್ನು ತರ್ಕಬದ್ಧವಾಗಿ ಸಾಧಿಸಲೆಂದೇ ಒಂದು ಕೃತಿ ರಚಿಸಿದ. ಯಾಪನೀಯರು ಅಳಿದುಹೋದದ್ದು ಕನ್ನಡ ನಾಡಿಗೆ ನಷ್ಟ.

ಮುಂದೆ 12ನೇ ಶತಮಾನದಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟಳು. ಹೆಣ್ಣು ತೊರೆಯಲಾರಳು ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಯಾವ ಪಂಡಿತನಿಂದಲೂ ಬಂದಿಲ್ಲ.

ಶೂದ್ರರ ವಿಷಯದಲ್ಲೂ ಇಂಥದೇ ಕಥೆ. ಶಂಕರರ ಬ್ರಹ್ಮಸೂತ್ರ ಭಾಷ್ಯ ಅವರಿಗೆ ವೇದಾಧ್ಯಯನವನ್ನು ನಿರಾಕರಿಸುತ್ತದೆ. ಅದೇ ಜಾಗದಲ್ಲಿ, ವಿದುರ ಮತ್ತು ಧರ್ಮವ್ಯಾಧರಿಗೆ ಜ್ಞಾನ ಬಂದದ್ದನ್ನು ಅಲ್ಲಗಳೆಯಲಾಗದು, ಇತಿಹಾಸ ಪುರಾಣಗಳು ನಾಲ್ಕೂ ವರ್ಣಗಳಿಗೆ ತೆರೆದಿವೆ ಎಂದೂ ಒಪ್ಪುತ್ತದೆ. ಹೆಬ್ಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದಿಟ್ಟರು. ಶರಣರು ಆ ಹೆಬ್ಬಾಗಿಲನ್ನೇ ಕಿತ್ತರು.

"ನಂಬಿದರೆ ಸಾಕು, ರಕ್ಷಣೆ" ಎಂದು ಕ್ರೈಸ್ತರು ಹೇಳುವುದು ತೀರ ಸುಲಭದ ದಾರಿಯಾಗಲಿಲ್ಲವೇ?

ಹೊರಗಿನಿಂದ ಹಾಗೆ ಕಾಣುತ್ತದೆ. ಒಳಗಿನಿಂದ ನೋಡಿದರೆ, ನನ್ನ ಯೋಗ್ಯತೆಯಿಂದ ಏನೂ ಆಗದು ಎಂದು ಒಪ್ಪಿಕೊಳ್ಳುವುದಕ್ಕಿಂತ ಕಠಿಣವಾದ ಸಾಧನೆ ಯಾವುದಿದೆ? ಮನುಷ್ಯ ತೀರಿಸಲಾಗದ್ದನ್ನು ಯೇಸು ಶಿಲುಬೆಯ ಮೇಲೆ ತೀರಿಸಿದ, ಪುನರುತ್ಥಾನದಿಂದ ಸಾವನ್ನು ಗೆದ್ದ, ಅದು ದೇವರ ಕೃಪೆಯ ದಾನ ಎಂಬುದು ಮೂಲ ನಂಬಿಕೆ.

ನಂಬಿಕೆಯೊಂದರಿಂದಲೇ ಮನುಷ್ಯ ನೀತಿವಂತನೆನಿಸುತ್ತಾನೆಯೇ, ಸತ್ಕ್ರಿಯೆಗಳಿಗೂ ಪಾಲಿದೆಯೇ ಎಂಬ ಪ್ರಶ್ನೆಯ ಮೇಲೆಯೇ 1517ರಿಂದ ಲೂಥರ್‌ನ ಕಾಲದಲ್ಲಿ ಯುರೋಪಿನ ಕ್ರೈಸ್ತ ಸಭೆ (ಚರ್ಚ್) ಒಡೆಯಿತು. 1999ರ ಅಕ್ಟೋಬರ್ 31ರಂದು ಕ್ಯಾಥೋಲಿಕರೂ ಲೂಥರನ್ನರೂ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, ರಕ್ಷಣೆ ಕೃಪೆಯಿಂದ, ಸತ್ಕ್ರಿಯೆ ಅದರ ಫಲ ಎಂದು ಬಹುಮಟ್ಟಿಗೆ ಒಮ್ಮತಕ್ಕೆ ಬಂದರು. ಇಷ್ಟಾಗಲು ಸುಮಾರು ಐದು ಶತಮಾನ ಹಿಡಿಯಿತು. ಶಿವಮೊಗ್ಗದ ಕ್ಯಾಥೋಲಿಕ್ ಮನೆಗಳವರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದರ ಹಿಂದೆ, ಸತ್ತವರು ಸ್ವರ್ಗ ಸೇರುವ ಮುನ್ನ ಶುದ್ಧಿಯಾಗುವ ಸ್ಥಿತಿಯಲ್ಲಿರಬಹುದು, ಅವರಿಗೆ ನಮ್ಮ ಪ್ರಾರ್ಥನೆ ನೆರವಾಗುತ್ತದೆ ಎಂಬ ನಂಬಿಕೆಯಿದೆ. ಪ್ರಾಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ.

ಇಸ್ಲಾಮಿನಲ್ಲಿ ಎಲ್ಲವೂ ತಕ್ಕಡಿಯ ಲೆಕ್ಕವೇ?

ಕಡೆಯ ದಿನ ಕರ್ಮಗಳನ್ನು ತೂಗುವ ತಕ್ಕಡಿ ಇದೆ, ನಿಜ. ನಮಾಜು, ಜಕಾತ್, ಉಪವಾಸ ಎಲ್ಲಕ್ಕೂ ಲೆಕ್ಕವಿದೆ. ಆದರೆ ಯಾರನ್ನೂ ಅವರ ಕರ್ಮಗಳೇ ಸ್ವರ್ಗಕ್ಕೆ ಒಯ್ಯಲಾರವು, ನನ್ನನ್ನೂ ಸಹ, ಅಲ್ಲಾಹನ ಕರುಣೆ ಆವರಿಸದ ಹೊರತು ಎಂದು ಪ್ರವಾದಿಯೇ ಹೇಳಿದ ಹದೀಸ್ ಇದೆ. ಆದಮನ ತಪ್ಪು ಅವನ ಮಕ್ಕಳಿಗೆ ಅಂಟುವುದಿಲ್ಲ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ. ತೌಬಾ, ಅಂದರೆ ಪಶ್ಚಾತ್ತಾಪ, ಮಾಡಿ ಮರಳಿದರೆ ನಡುವೆ ಯಾವ ಮಧ್ಯಸ್ಥನೂ ಬೇಕಿಲ್ಲ. ಸೂಫಿಗಳು ಇನ್ನೂ ಮುಂದೆ ಹೋಗಿ, ನರಕದ ಹೆದರಿಕೆಯಿಂದಾಗಲೀ ಸ್ವರ್ಗದ ಆಸೆಯಿಂದಾಗಲೀ ಮಾಡುವ ಭಕ್ತಿ ವ್ಯಾಪಾರವೆಂದರು. ಅವರಿಗೆ 'ನಾನು' ಕರಗುವ ಫನಾ ಮುಖ್ಯ.

ಯಕ್ಷಗಾನದಲ್ಲಿ ಖಳನಿಗೂ ಕೊನೆಗೆ ಮೋಕ್ಷ ಸಿಗುತ್ತದೆ. ದ್ವೇಷಿಸಿದರೂ ಮುಕ್ತಿಯೇ?

ನಮ್ಮಲ್ಲಿ ಹೆಚ್ಚಿನವರು ಮೋಕ್ಷದ ಪಾಠ ಕಲಿತದ್ದು ಮಠದಲ್ಲಲ್ಲ, ಬೆಳಗಿನ ಜಾವದ ರಂಗಸ್ಥಳದಲ್ಲಿ. ಹಿರಣ್ಯಕಶಿಪು ರಾತ್ರಿಯಿಡೀ ಅಬ್ಬರಿಸಿ, ಬೆಳಕು ಹರಿಯುವ ಹೊತ್ತಿಗೆ ನರಸಿಂಹನ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಒಳ್ಳೆಯ ಅರ್ಥಧಾರಿ ಇದ್ದರೆ ಆ ಕ್ಷಣದಲ್ಲಿ ಅವನ ದನಿಯಲ್ಲಿ, ಶಾಪದಿಂದ ಅಸುರನಾಗಿ ಹುಟ್ಟಿದ ವೈಕುಂಠದ ದ್ವಾರಪಾಲಕ ಜಯನ ಹಳೆಯ ನೆನಪು ಇಣುಕುತ್ತದೆ. ಕಂಸ ಭಯದಿಂದ, ಶಿಶುಪಾಲ ದ್ವೇಷದಿಂದ ಹಗಲಿರುಳೂ ಕೃಷ್ಣನನ್ನೇ ನೆನೆದರು, ಆದ್ದರಿಂದ ಅವನನ್ನೇ ಸೇರಿದರು ಎಂದು ಭಾಗವತ ಹೇಳುತ್ತದೆ. ಇದೇ ವೈರಭಕ್ತಿ.

ಮಾಧ್ವ ಪಂಡಿತರು ಇಲ್ಲಿ ತಲೆಯಾಡಿಸುತ್ತಾರೆ. ದ್ವೇಷದಿಂದ ತಮಸ್ಸೇ ಹೊರತು ಮುಕ್ತಿಯಿಲ್ಲ. ಆ ಒಂದು ದೇಹದಲ್ಲಿ ಶಾಪಗ್ರಸ್ತ ದ್ವಾರಪಾಲಕನೂ ಅಸುರನೂ ಇಬ್ಬರೂ ಇದ್ದರು, ಒಬ್ಬ ವೈಕುಂಠಕ್ಕೆ ಹೋದ, ಇನ್ನೊಬ್ಬ ಅಂಧತಮಸ್ಸಿಗೆ ಹೋದ ಎಂದು ಬಿಡಿಸುತ್ತಾರೆ. ತರ್ಕ ಅವರ ಕಡೆಗಿದೆ. ರಂಗದ ಮೇಲೆ ಮಾತ್ರ ಭಾಗವತದ ಮಾತೇ ಗೆಲ್ಲುತ್ತದೆ.

ಮುಂಡಗೋಡಿನ ಟಿಬೆಟನ್ ಲಾಮಾಗಳು ಮೋಕ್ಷವನ್ನೇ ಮುಂದೂಡುತ್ತಾರಂತೆ, ಹೌದೇ?

ಅವರು ಅನುಸರಿಸುವ ಮಹಾಯಾನ ಬೌದ್ಧ ಪಂಥದ ಬೋಧಿಸತ್ವ ಸಂಕಲ್ಪ ಅಂಥದ್ದು. ನರಳುವ ಜೀವಿಗಳು ಉಳಿದಿರುವವರೆಗೆ ತಾನೂ ಉಳಿದು ಅವರ ದುಃಖ ಕಳೆಯುವಂತಾಗಲಿ ಎಂದು ಶಾಂತಿದೇವ ಪ್ರಾರ್ಥಿಸುತ್ತಾನೆ, ದಲಾಯಿ ಲಾಮಾ ಪದೇ ಪದೇ ಉದ್ಧರಿಸುವ ಮಾತು ಇದು. ತನ್ನೊಬ್ಬನ ಮುಕ್ತಿಯನ್ನು ಕೀಳೆಂದು ಅವರು ಹೇಳುವುದಿಲ್ಲ, ಅಲ್ಲಿಗೇ ನಿಲ್ಲಬಾರದು ಎನ್ನುತ್ತಾರೆ.

ಹಿಂದಿನ ಕಾಲದಲ್ಲಿ ಈ ಪಂಥಗಳವರು ಒಂದೇ ಊರಿನಲ್ಲಿ ಹೇಗೆ ಬಾಳಿದರು?

ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಯ ಶಾಸನಗಳನ್ನು ನೋಡಿ. ಅಲ್ಲಮಪ್ರಭುವಿನ ಊರೆಂದು ಹೇಳುವ ಅಲ್ಲಿ ಶೈವ ಮಠಗಳು, ಜೈನ ಬಸದಿಗಳು, ವಿಷ್ಣು ಗುಡಿಗಳ ಜೊತೆಗೆ 11ನೇ ಶತಮಾನದ ಬೌದ್ಧ ವಿಹಾರವೂ ಇತ್ತು. ಕೇದಾರೇಶ್ವರದ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಅಲ್ಲಿನ ಶಾಸನ, ಮಠದಲ್ಲಿ ನಾಲ್ಕು ವೇದ, ವ್ಯಾಕರಣ, ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ ಎಲ್ಲವನ್ನೂ ಕಲಿಸುತ್ತಿದ್ದರೆಂದು ಹೇಳುತ್ತದೆ. ಮುಂದೆ ಅನ್ನ ಯಾರಿಗೆ ಎಂಬ ಪಟ್ಟಿ ಬರುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು; ಅದೇ ಪಂಕ್ತಿಯಲ್ಲಿ ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು. ರೋಗಿಗಳಿಗೆ ಔಷಧವೂ ಅಲ್ಲೇ.

ಇವರೆಲ್ಲ ಮೋಕ್ಷದ ಬಗ್ಗೆ ಒಮ್ಮತಕ್ಕೆ ಬಂದಿದ್ದರೆಂದು ಭಾವಿಸಬೇಡಿ. ಸಿದ್ಧಾಂತದಲ್ಲಿ ಒಬ್ಬರನ್ನೊಬ್ಬರು ಬಿಡದೆ ಖಂಡಿಸುತ್ತಿದ್ದರು, ಕೆಲವೊಮ್ಮೆ ಮಾತು ಮೀರಿ ಹೊಡೆದಾಟಕ್ಕೂ ಹೋಗಿತ್ತು. ಆದರೆ ಅನ್ನ ಬಡಿಸುವ ಮುನ್ನ ಪರಲೋಕದ ವಿಳಾಸ ಕೇಳುತ್ತಿರಲಿಲ್ಲ.

ಬೇರೆ ಧರ್ಮದವರಿಗೂ ಮುಕ್ತಿಯುಂಟು ಎಂದು ಯಾವ ಧರ್ಮವಾದರೂ ಒಪ್ಪುತ್ತದೆಯೇ?

ಶ್ವೇತಾಂಬರ ಜೈನರು ಸಿದ್ಧರ ಬಗೆಗಳನ್ನು ಎಣಿಸುವಾಗ ಅನ್ಯಮತದ ವೇಷದಲ್ಲೇ ಮುಕ್ತರಾದವರನ್ನೂ ಸೇರಿಸುತ್ತಾರೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ ಅಂತಃಸಾಕ್ಷಿಯಂತೆ ಬಾಳುವವರಿಗೂ ರಕ್ಷಣೆ ಸಾಧ್ಯ ಎಂದಿತು. ದೇವರನ್ನೂ ಅಂತಿಮ ದಿನವನ್ನೂ ನಂಬಿ ಒಳಿತು ಮಾಡುವ ಯಹೂದಿ, ಕ್ರೈಸ್ತರಿಗೆ ಭಯವಿಲ್ಲ ಎಂಬ ಕುರ್‌ಆನ್ ವಾಕ್ಯದ ವ್ಯಾಪ್ತಿ ಎಷ್ಟೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ.

ಚೌಡಿ, ಭೂತರಾಯ, ಮಾರಿಕಾಂಬೆ ಇವರು ಮೋಕ್ಷ ಕೊಡುತ್ತಾರೆಯೇ?

ಅವರನ್ನು ಯಾರೂ ಕೇಳಿಯೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ, ಚೌಡೇಶ್ವರಿ ಮತ್ತು ಸಯ್ಯದ್ ಸಾದತ್ ದರ್ಗಾ ಒಂದೇ ಸೂರಿನಡಿ ಇವೆ. ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಕೇಳುವುದು ಹುಷಾರಿಲ್ಲದ ಮಗುವಿನ ಬಗ್ಗೆ, ಕಳೆದುಹೋದ ದನದ ಬಗ್ಗೆ, ಕೋರ್ಟಿನಲ್ಲಿರುವ ಜಮೀನಿನ ಬಗ್ಗೆ. ಮಲೆನಾಡಿನ ಬಹುಪಾಲು ಜನರ ನಿತ್ಯದ ಧರ್ಮ ಇದೇ: ಸಂಸಾರದಿಂದ ಬಿಡುಗಡೆ ಬೇಡ, ಸಂಸಾರ ನೆಟ್ಟಗೆ ನಡೆದರೆ ಸಾಕು. ಮುಕ್ತಿಯ ಗ್ರಂಥಗಳನ್ನೇ ಓದಿ ಧರ್ಮವನ್ನು ಅಳೆಯುವವರು ಈ ಅರ್ಧವನ್ನು ಮೂಢನಂಬಿಕೆಯೆಂದು ಬದಿಗೆ ಸರಿಸುತ್ತಾರೆ. ನನಗಂತೂ ಹಾಗೆ ಮಾಡುವ ಧೈರ್ಯವಿಲ್ಲ. ಮಳೆಗಾಲದ ರಾತ್ರಿ ಮಗುವಿಗೆ ಜ್ವರ ಬಂದಾಗ ಅದ್ವೈತ ಯಾರ ಕೈಗೂ ಸಿಗುವುದಿಲ್ಲ.

ಹೊಟ್ಟೆಗಿಲ್ಲದವರಿಗೆ ಮೋಕ್ಷದ ಮಾತು ಏಕೆ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಉಳುವ ನೆಲಕ್ಕಾಗಿ ಸತ್ಯಾಗ್ರಹ ಹೂಡಿದಾಗ ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅಂಬೇಡ್ಕರ್, ಮನುಷ್ಯರು ಮನುಷ್ಯರ ಮೇಲೆ ಹೇರುವ ದುಃಖವನ್ನು ನೀಗುವುದೇ ಧರ್ಮದ ಕೆಲಸ ಎಂಬ ನಿಲುವಿಗೆ ಬಂದಿದ್ದರು. ಲ್ಯಾಟಿನ್ ಅಮೆರಿಕದ ಪಾದ್ರಿಗಳೂ ವಿಮೋಚನೆಯನ್ನು ಬಡವರ ಕಣ್ಣಿನಿಂದ ಓದಿದರು. ಇವನ್ನು ಮೋಕ್ಷದ ಚರ್ಚೆಯಿಂದ ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ.

ಅಸ್ಥಿಯನ್ನು ಕಾಶಿಗೇ ಒಯ್ಯಬೇಕೇ, ಕೂಡಲಿಯಲ್ಲಿ ಬಿಟ್ಟರೆ ನಡೆಯುತ್ತದೆಯೇ?

ಕಾಶಿಯಲ್ಲಿ ಸತ್ತವರ ಕಿವಿಯಲ್ಲಿ ಶಿವನೇ ತಾರಕ ಮಂತ್ರ ಹೇಳುತ್ತಾನೆ ಎಂಬ ನಂಬಿಕೆ ಸಾಯುವವರಿಗೆ ಸಂಬಂಧಿಸಿದ್ದು. ಅಸ್ಥಿಯ ಮಾತು ಬೇರೆ, ಸಂಗಮ ಯಾವುದಾದರೂ ಪವಿತ್ರವೇ. ಮಲೆನಾಡಿನ ಎಷ್ಟೋ ಮನೆಗಳವರು ಕೂಡಲಿಗೇ ಹೋಗುತ್ತಾರೆ, ಶಿವಮೊಗ್ಗದಿಂದ ಹೆಚ್ಚು ದೂರವೂ ಇಲ್ಲ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಸೆಳೆತವೂ ಜೋರು. ವಯಸ್ಸಾದವರನ್ನು ನೀರಿಗೆ ಇಳಿಸಬೇಡಿ. ಮಣ್ಣಿನ ಕುಡಿಕೆಯಲ್ಲಿ ಒಯ್ಯಿರಿ, ಪ್ಲಾಸ್ಟಿಕ್ ಚೀಲವನ್ನು ಹೊಳೆಗೆ ಹಾಕದೆ ವಾಪಸ್ ತನ್ನಿ.